ಮೊದಲ ಪುಟದಲ್ಲಿ ಲಿಲಿ, ಕೊನೆಯ ಪುಟದಲ್ಲಿ ತೋಟ

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕಗಳ ರಾಶಿಯಲ್ಲಿ ಸಿಕ್ಕಿದ್ದು ಅದು. ರಟ್ಟು ಕಿತ್ತುಹೋಗಿತ್ತು, ಬೆನ್ನಿಗೆ ಯಾರೋ ಕಂದು ಕಾಗದ ಅಂಟಿಸಿದ್ದರು. ಇಂಗ್ಲಿಷ್ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ ಬರೆದ ‘ಎ ರೈಟರ್ಸ್ ಡೈರಿ’. ಅವಳ ಗಂಡ ಲಿಯೊನಾರ್ಡ್ ವುಲ್ಫ್ ಆರಿಸಿ, ಜೋಡಿಸಿ, 1953ರಲ್ಲಿ ಪ್ರಕಟಿಸಿದ ಪುಸ್ತಕ. ಯಾರ ಡೈರಿ ಕೈಗೆ ಬಂದರೂ ಮೊದಲು ಕೊನೆಯ ಪುಟ ನೋಡುವುದು ನನಗೆ ಅಂಟಿಕೊಂಡ ಕೆಟ್ಟ ಅಭ್ಯಾಸ. ಇಲ್ಲಿ ಕೊನೆಯ ಪುಟದಲ್ಲಿದ್ದದ್ದು 1941ರ ಮಾರ್ಚ್ 8. ಗಂಟೆ ಏಳಾಯಿತು, ಇನ್ನು ರಾತ್ರಿಯ ಅಡುಗೆಗೆ ಏಳಬೇಕು ಅನ್ನುತ್ತಾಳೆ. ಬೇಯಿಸಬೇಕಾದ ಮೀನು, ಮಾಂಸಗಳ ಹೆಸರು ಹೇಳಿ, ಹೀಗೆ ಬರೆದಿಟ್ಟರೆ ಅವೂ ಒಂದಿಷ್ಟು ನಮ್ಮ ಹತೋಟಿಗೆ ಬರುತ್ತವೇನೋ ಎಂದು ಸೇರಿಸುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯಿತು.

ಮುಗಿಸುವುದಕ್ಕೆ ಎಷ್ಟು ಒಳ್ಳೆಯ ಜಾಗ ಅನ್ನಿಸಿತು. ಆಮೇಲೆ ಮುನ್ನುಡಿಗೆ ಬಂದೆ. ಡೈರಿಯಲ್ಲಿ ಅವಳು ಕೊನೆಯ ಸಲ ಬರೆದದ್ದು ಸಾವಿಗೆ ನಾಲ್ಕು ದಿನ ಮುಂಚೆ ಎಂದು ಲಿಯೊನಾರ್ಡನೇ ಅಲ್ಲಿ ಹೇಳಿದ್ದಾನೆ. ಅವಳು ತೀರಿಕೊಂಡದ್ದು ಮಾರ್ಚ್ 28ರಂದು. ನಾಲ್ಕು ಕಳೆದರೆ 24. ಪುಸ್ತಕ ನಿಂತದ್ದು 8ಕ್ಕೆ. ನಡುವಿನ ಹದಿನಾರು ದಿನ ಎಲ್ಲಿ ಹೋದವು?

ಈ ಸಣ್ಣ ಲೆಕ್ಕದಿಂದ ನನ್ನ ಹುಡುಕಾಟ ಶುರುವಾಯಿತು.

ಉತ್ತರವಿದ್ದದ್ದು ಐದು ದಪ್ಪ ಸಂಪುಟಗಳಲ್ಲಿ. ವರ್ಜೀನಿಯಾಳ ಅಕ್ಕನ ಮಗ ಕ್ವೆಂಟಿನ್ ಬೆಲ್‌ನ ಹೆಂಡತಿ ಆ್ಯನ್ ಒಲಿವಿಯರ್ ಬೆಲ್ ಸಂಪಾದಿಸಿ 1977ರಿಂದ 1984ರವರೆಗೆ ಒಂದೊಂದಾಗಿ ಹೊರತಂದ ಡೈರಿ ಅದು. ಗ್ರಂಥಾಲಯದಲ್ಲಿ ಐದನೆಯ ಸಂಪುಟ ತೆಗೆದು, ಮತ್ತೆ ಅಭ್ಯಾಸಬಲದಿಂದ ಕೊನೆಯ ಪುಟ ತಿರುಗಿಸಿದೆ. 1941ರ ಮಾರ್ಚ್ 24, ಸೋಮವಾರ. ಭೇಟಿಯಾದ ಒಬ್ಬ ಹೆಂಗಸಿನ ಮೂಗಿನ ವರ್ಣನೆ, ಬಂದ ಎರಡು ಉದ್ದನೆಯ ಕಾಗದಗಳ ಸುದ್ದಿ, ಕೊನೆಗೆ ತೋಟದಲ್ಲಿ ಲಿಯೊನಾರ್ಡ್ ರೋಡೊಡೆಂಡ್ರಾನ್ ಗಿಡಗಳ ಕೆಲಸದಲ್ಲಿದ್ದಾನೆ ಎಂಬ ಒಂದೇ ಸಾಲು. ಮುಂದೆ ಏನೂ ಇಲ್ಲ. ಇಪ್ಪತ್ತಾರು ವರ್ಷಗಳ ಡೈರಿ ಮುಗಿಯುವುದು ಗಂಡನ ತೋಟಗಾರಿಕೆಯಲ್ಲಿ. ಆ ಸಾಲನ್ನು ಕೈಬಿಟ್ಟವನೂ ಅದೇ ಗಂಡ. ಅವನಿಗೆ ಅದನ್ನು ಅಚ್ಚಿಗೆ ಕೊಡಲು ಕೈ ಬರಲಿಲ್ಲ ಎಂದರೆ ಯಾರು ತಾನೇ ತಪ್ಪೆಣಿಸಿಯಾರು?

ಕೊನೆ ಬೇರೆಯಾದರೆ ಮೊದಲೂ ಬೇರೆ ಇರಬಹುದಲ್ಲ ಎಂದು ಮೊದಲ ಸಂಪುಟ ತೆಗೆದೆ. ಲಿಯೊನಾರ್ಡನ ಪುಸ್ತಕ ಶುರುವಾಗುವುದು 1918ರ ಆಗಸ್ಟ್‌ನಲ್ಲಿ, ಕ್ರಿಸ್ಟೀನಾ ರೊಸೆಟ್ಟಿ ಮತ್ತು ಬೈರನ್‌ರ ಓದಿನಿಂದ. ಲೇಖಕಿಯ ಡೈರಿಗೆ ಒಪ್ಪುವ ಬಾಗಿಲು. ಬೆಲ್ ಸಂಪಾದಿಸಿದ್ದು ಶುರುವಾಗುವುದು 1915ರ ಜನವರಿ 1ರಂದು. ಅಲ್ಲಿ ಕವಿಗಳಿಲ್ಲ, ಲಿಲಿ ಎಂಬ ಕೆಲಸದ ಹುಡುಗಿ ಇದ್ದಾಳೆ. ನಡತೆ ಸರಿಯಿಲ್ಲವೆಂದು ಅವಳನ್ನು ನಿಂತ ಕಾಲಲ್ಲೇ ಬಿಡಿಸಬೇಕಾಯಿತು ಎಂದು ಮನೆಯ ಯಜಮಾನಿಯೊಬ್ಬಳು ಬರೆದ ಕಾಗದ ತಿಂಡಿಯ ಹೊತ್ತಿಗೆ ಬಂದಿದೆ.

ಮೊದಲ ಪುಟದಲ್ಲಿ ಲಿಲಿ, ಕೊನೆಯ ಪುಟದಲ್ಲಿ ತೋಟ. ನಡುವೆ ಇನ್ನೇನೆಲ್ಲ ಇರಬಹುದು?

ಲಿಯೊನಾರ್ಡ್ ಕದ್ದುಮುಚ್ಚಿ ಕತ್ತರಿಸಿದವನಲ್ಲ. ತಾನು ಏನು ಮಾಡಿದೆನೆಂದು ಮುನ್ನುಡಿಯಲ್ಲಿ ಬಿಚ್ಚಿ ಹೇಳಿದ್ದಾನೆ. ಡೈರಿಯಲ್ಲಿ ಬಂದಿರುವ ಅನೇಕರು ಇನ್ನೂ ಬದುಕಿರುವಾಗ ಇಡಿಯಾಗಿ ಪ್ರಕಟಿಸುವುದು ಸಲ್ಲದು. ಆದ್ದರಿಂದ ಅವಳು ತನ್ನ ಬರವಣಿಗೆಯ ಬಗ್ಗೆ ಆಡಿದ ಮಾತನ್ನೆಲ್ಲ ಹೆಚ್ಚುಕಡಿಮೆ ಉಳಿಸಿದ್ದಾನೆ. ಜೊತೆಗೆ ಡೈರಿಯನ್ನೇ ಬರವಣಿಗೆಯ ಗರಡಿಮನೆಯಾಗಿ ಬಳಸಿಕೊಂಡ ಭಾಗಗಳು, ಮನಸ್ಸಿಗೆ ನೇರವಾಗಿ ತಟ್ಟಿದ ಕೆಲವು ನೋಟಗಳು, ಓದಿದ ಪುಸ್ತಕಗಳ ಮಾತು. ನಿಯಮವೇನೋ ಚೊಕ್ಕವಾಗಿದೆ. ಆದರೆ ಬರಹ ಬೇರೆ, ಬದುಕು ಬೇರೆ ಎಂದು ಬೇರ್ಪಡಿಸಿ ಕೊಡುವ ಜರಡಿ ಯಾವುದು? ಎರಡು ಪುಸ್ತಕಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ತಿಂಗಳುಗಟ್ಟಲೆ ಓದಿದ್ದು ಈ ಪ್ರಶ್ನೆ ಹಿಡಿದುಕೊಂಡೇ.

ಮೊದಲು ಅವಳ ದಿನದ ಲೆಕ್ಕ. ಬೆಳಗಿನ ಹೊತ್ತು ಕಾದಂಬರಿಗೆ. ಮಧ್ಯಾಹ್ನ ಟೈಪ್ ಮಾಡುವುದು, ಮೈಲಿಗಟ್ಟಲೆ ನಡೆಯುವುದು. ಚಹಾ ಆದ ಮೇಲೆ ಅರ್ಧ ಗಂಟೆ ಡೈರಿಗೆ, ಅದೂ ಪ್ರತಿದಿನವಲ್ಲ. ವೇಗವಾಗಿ, ಹೊಡೆದುಹಾಕದೆ, ತಿದ್ದದೆ ಬರೆಯುತ್ತಿದ್ದಳು. 1919ರ ಜನವರಿಯಲ್ಲಿ, ಇದನ್ನು ಓದುವವರು ಯಾರು ಎಂದು ಕೇಳಿಕೊಂಡಾಗ ಅವಳಿಗೆ ಕಂಡ ಉತ್ತರ ತಾನೇ: ಐವತ್ತು ತುಂಬಿ, ಈ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕೂರುವ ಮುದಿ ವರ್ಜೀನಿಯಾ. ಅದೇ ವರ್ಷ ಏಪ್ರಿಲ್‌ನಲ್ಲಿ ಡೈರಿಯನ್ನು ಹಳೆಯ ಆಳದ ಮೇಜಿಗೆ ಹೋಲಿಸಿದ್ದಾಳೆ. ಕೈಗೆ ಸಿಕ್ಕಿದ್ದನ್ನೆಲ್ಲ ಅದರೊಳಗೆ ಎಸೆದಿಡಬೇಕು. ವರ್ಷ ಕಳೆದು ತೆರೆದರೆ ಅವು ತಾವಾಗಿಯೇ ಒಂದಕ್ಕೊಂದು ಹೊಂದಿಕೊಂಡಿರಬೇಕು. ಆರಿಸದೆ ಹಾಕುವುದೇ ಆ ಮೇಜಿನ ಗುಟ್ಟು. ಅವಳ ಡೈರಿಗೆ ಆಮೇಲೆ ಒದಗಿದ್ದು ಆಯ್ಕೆಯೇ ಎಂಬುದು ವಿಚಿತ್ರ.

ಈ ಮೇಜಿನಲ್ಲಿ ನನಗೆ ತೀರ ಪ್ರೀತಿಯಾದ ಪುಟ್ಟ ಖಾನೆ ಒಂದಿದೆ. 1915ರ ಡೈರಿ ಫೆಬ್ರವರಿ ನಡುವಿನಲ್ಲೇ ನಿಂತುಹೋಗುತ್ತದೆ. ಅವಳು ತೀವ್ರವಾಗಿ ಕಾಯಿಲೆ ಬಿದ್ದಳು. ಮತ್ತೆ ಲೇಖನಿ ಹಿಡಿದದ್ದು 1917ರ ಆಗಸ್ಟ್‌ನಲ್ಲಿ, ಸಸೆಕ್ಸ್ ಸೀಮೆಯ ಆಶಮ್ ಎಂಬಲ್ಲಿನ ಹಳ್ಳಿಮನೆಯಲ್ಲಿ, ಒಂದು ಚಿಕ್ಕ ಪುಸ್ತಕದಲ್ಲಿ. ದಿನಕ್ಕೆ ಕೆಲವೇ ಸಾಲು. ಮಳೆಯೋ ಬಿಸಿಲೋ, ಅಣಬೆ ಎಷ್ಟು ಸಿಕ್ಕಿತು, ಕಾಡುಹಣ್ಣು ಬಿಡಿಸಿದ್ದು, ಚಿಟ್ಟೆ, ಕಂಬಳಿಹುಳು, ಮೊಟ್ಟೆಯ ಬೆಲೆ, ಹೊಲದಲ್ಲಿ ದುಡಿಯುತ್ತಿದ್ದ ಜರ್ಮನ್ ಯುದ್ಧಕೈದಿಗಳು. ‘ನಾನು’ ಎಂಬ ಮಾತೇ ಅಪರೂಪ. ನಮ್ಮ ಮಲೆನಾಡಿನ ಮನೆಯಲ್ಲಿ ಅಜ್ಜ ಪಂಚಾಂಗದ ಅಂಚಿನಲ್ಲಿ ಗುರುತುಹಾಕುತ್ತಿದ್ದದ್ದೂ ಹೀಗೆಯೇ: ಮೊದಲ ಮಳೆ ಬಿತ್ತು, ದನ ಕರು ಹಾಕಿತು, ಅಡಿಕೆ ಮಂಡಿಗೆ ಹೋಯಿತು. ಆ ಪಂಚಾಂಗಗಳನ್ನು ಬರವಣಿಗೆಯೆಂದು ಯಾರೂ ಎಣಿಸಲಿಲ್ಲ. ಆಶಮ್‌ನ ಪುಸ್ತಕಕ್ಕೂ ಬಹಳ ಕಾಲ ಅದೇ ಗತಿ. ಬೆಲ್ ಕೂಡ ಅದರ ಒಂದು ಭಾಗವನ್ನು ಮಾತ್ರ ತೆಗೆದುಕೊಂಡಿದ್ದಳು. ಐದು ಸಂಪುಟಗಳು 2023ರಲ್ಲಿ ಮರುಮುದ್ರಣವಾದಾಗ ಅದು ಇಡಿಯಾಗಿ ಸೇರಿತು. ಎರಡು ವರ್ಷದ ಮೌನ ಮುರಿದು ಬರೆಯುವ ಕೈ ಮತ್ತೆ ಸಾಣೆಗೆ ಬಿದ್ದದ್ದು ಅಣಬೆ, ಮೊಟ್ಟೆಗಳ ಲೆಕ್ಕದಲ್ಲಿ. ಅದೇ ಅಕ್ಟೋಬರ್‌ನಲ್ಲಿ ರಿಚ್ಮಂಡ್‌ನ ಮನೆಗೆ ಮರಳಿದ ಮೇಲೆ ದೊಡ್ಡ ಡೈರಿ ಶುರುವಾಯಿತು, ಸಾವಿನವರೆಗೂ ನಿಲ್ಲಲಿಲ್ಲ.

ಆ ಅಕ್ಟೋಬರ್‌ನ ಪುಟಗಳಲ್ಲೇ ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ಊಟಕ್ಕೆ ಬರುತ್ತಾಳೆ. ನ್ಯೂಜಿಲೆಂಡಿನಿಂದ ಬಂದ ಕತೆಗಾರ್ತಿ, ವರ್ಜೀನಿಯಾಳಿಗಿಂತ ಆರು ವರ್ಷ ಚಿಕ್ಕವಳು. ಡೈರಿಯ ಮೊದಲ ಮಾತು ಕಟುವಾಗಿದೆ: ಬೀದಿಗಿಳಿದ ಪುನುಗಿನ ಬೆಕ್ಕಿನಂಥ ವಾಸನೆ. ಕೆಲವೇ ಸಾಲುಗಳಲ್ಲಿ ಧಾಟಿ ಬದಲಾಗಿ, ಇಷ್ಟು ಬುದ್ಧಿವಂತೆಯ ಸ್ನೇಹ ಬಿಡಬಾರದು ಎಂಬಲ್ಲಿಗೆ ಬಂದು ನಿಲ್ಲುತ್ತಾಳೆ. ಈ ಎರಡು ಧಾಟಿಗಳ ನಡುವಿನ ಎಳೆದಾಟ ಐದು ವರ್ಷ ನಡೆಯಿತು.

ಆ ಹೊತ್ತಿಗೆ ವುಲ್ಫ್ ದಂಪತಿ 19 ಪೌಂಡು ಚಿಲ್ಲರೆ ಕೊಟ್ಟು ಒಂದು ಕೈಮುದ್ರಣ ಯಂತ್ರ ತಂದಿದ್ದರು. ಊಟದ ಕೋಣೆಯಲ್ಲೇ ಅದರ ಠಿಕಾಣಿ. ಹೋಗಾರ್ತ್ ಪ್ರೆಸ್ ಹುಟ್ಟಿದ್ದು ಹೀಗೆ. 1917ರ ಜುಲೈನಲ್ಲಿ ತಮ್ಮವೇ ಎರಡು ಕತೆಗಳನ್ನು 150 ಪ್ರತಿ ಅಚ್ಚುಹಾಕಿ ಕೈ ಪಳಗಿಸಿಕೊಂಡರು. ಎರಡನೆಯ ಪುಸ್ತಕಕ್ಕೆ ಆರಿಸಿಕೊಂಡದ್ದು ಕ್ಯಾಥರೀನಳ ನೀಳ್ಗತೆ ‘ಪ್ರೆಲ್ಯೂಡ್’. ವರ್ಜೀನಿಯಾ ಒಂದೊಂದೇ ಅಚ್ಚುಮೊಳೆ ಹೆಕ್ಕಿ ಜೋಡಿಸಿದಳು. ಅಚ್ಚಿನ ಕೊನೆಯ ಹಂತಕ್ಕೆ ಲಿಯೊನಾರ್ಡ್ ಹತ್ತಿರದ ಮುದ್ರಕನೊಬ್ಬನ ದೊಡ್ಡ ಯಂತ್ರದ ಮೊರೆಹೋದ. 1918ರ ಜುಲೈನಲ್ಲಿ ಪುಸ್ತಕ ಹೊರಬಿತ್ತು, ಸುಮಾರು 300 ಪ್ರತಿ. ಕೆಲವು ಪುಟಗಳ ನೆತ್ತಿಯಲ್ಲಿ ಶೀರ್ಷಿಕೆಯೇ ‘ದಿ ಪ್ರೆಲ್ಯೂಡ್’ ಎಂದು ತಪ್ಪಾಗಿ ಅಚ್ಚಾಗಿದೆ. ಮೊಳೆ ಜೋಡಿಸಿದ ಕಾಲದ ಮುದ್ರಣಾಲಯ ನೋಡಿದವರಿಗೆ ಆ ಕೆಲಸದ ಇನ್ನೊಂದು ಮುಖ ಗೊತ್ತು. ಅಕ್ಷರ ಅಕ್ಷರವಾಗಿ ಕಟ್ಟುವಾಗ ಬೇರೊಬ್ಬರ ವಾಕ್ಯ ಬೆರಳಿನ ಮೂಲಕ ಒಳಗಿಳಿಯುತ್ತದೆ. ಗೆಳತಿಯ ಅರವತ್ತೆಂಟು ಪುಟಗಳನ್ನು ವರ್ಜೀನಿಯಾ ಓದಿದ್ದು ಹಾಗೆ.

ಮರುವರ್ಷ ಬಿರುಕು. 1919ರಲ್ಲಿ ವರ್ಜೀನಿಯಾಳ ಕಾದಂಬರಿ ‘ನೈಟ್ ಅಂಡ್ ಡೇ’ ಬಂತು. ‘ಅಥೀನಿಯಂ’ ಪತ್ರಿಕೆಗೆ ಆಗ ಕ್ಯಾಥರೀನಳ ಗಂಡ ಜಾನ್ ಮಿಡ್ಲ್‌ಟನ್ ಮರ್ರಿ ಸಂಪಾದಕ. ವಿಮರ್ಶೆ ಬರೆದವಳು ಕ್ಯಾಥರೀನ್. ಹೊರಗೆ ನಯವಿದ್ದರೂ ಏಟು ಬಲವಾಗಿತ್ತು. ಗಂಡನಿಗೆ ಇಟಲಿಯಿಂದ ಬರೆದ ಕಾಗದದಲ್ಲಿ ಅವಳು ನಯವನ್ನೂ ಬಿಟ್ಟಿದ್ದಾಳೆ: ಅಂಥ ಮಹಾಯುದ್ಧ ನಡೆದೇ ಇಲ್ಲವೆಂಬಂತೆ ಬರೆದ ಈ ಕಾದಂಬರಿ ಒಳಗೇ ಸುಳ್ಳು. ಆ ಕಾಗದ ವರ್ಜೀನಿಯಾಳಿಗೆ ಗೊತ್ತಿರಲಿಲ್ಲ, ವಿಮರ್ಶೆ ಗೊತ್ತಿತ್ತು. ನನ್ನನ್ನು ಮರ್ಯಾದಸ್ಥ ಮಂದಮತಿ ಮಾಡಿಬಿಟ್ಟಳು ಎಂದು ನವೆಂಬರ್ 28ರ ಡೈರಿ ಉರಿಯುತ್ತದೆ. ಇಬ್ಬರ ಕಡತಗಳನ್ನೂ ಒಟ್ಟಿಗೆ ನೋಡುವ ಸಂಶೋಧಕನಿಗೆ ಮಾತ್ರ ಸಿಗುವ ಸಂಕಟದ ಸೌಲಭ್ಯ ಇದು. ಒಬ್ಬರಿಗೊಬ್ಬರು ಆಡದೆ ಉಳಿಸಿದ ಮಾತು ಅವನೊಬ್ಬನಿಗೆ ಕೇಳಿಸುತ್ತದೆ.

ಆದರೆ 1920ರ ಬೇಸಿಗೆಯಲ್ಲಿ ಮತ್ತೆ ಕೂತು ಮಾತಾಡಿದರು. ಬರವಣಿಗೆಯ ಬಗ್ಗೆ ಇಷ್ಟು ಹತ್ತಿರದಿಂದ ಮಾತಾಡಲು ತನಗೆ ಬೇರೆ ಯಾರೂ ಇಲ್ಲ ಎಂಬ ಅರಿವು ಆ ಪುಟಗಳಲ್ಲಿದೆ. ಆಗಸ್ಟ್‌ನಲ್ಲಿ ಕೊನೆಯ ಭೇಟಿ. ಕ್ಷಯ ಹಿಡಿದಿದ್ದ ಕ್ಯಾಥರೀನ್ ಹವೆ ಬದಲಿಸಲು ಹೊರನಾಡಿಗೆ ಹೋದಳು. 1923ರ ಜನವರಿ 9, ಮಂಗಳವಾರ ರಾತ್ರಿ ಫ್ರಾನ್ಸಿನ ಫಾಂಟೆನ್‌ಬ್ಲೋ ಬಳಿ ತೀರಿಕೊಂಡಳು. ವಯಸ್ಸು ಮೂವತ್ತನಾಲ್ಕು.

ಈ ಸಾವಿನ ಡೈರಿಪುಟ ಜನವರಿ 16ರದು. ಕ್ಯಾಲೆಂಡರ್ ಹಿಡಿದು ಎಣಿಸಿದೆ. ಸುದ್ದಿ ಬಂದದ್ದು ಶುಕ್ರವಾರ, ತಿಂಡಿಯ ಹೊತ್ತಿಗೆ. ತಂದವಳು ಅಡುಗೆಯ ನೆಲ್ಲಿ; ಪೇಪರಿನಲ್ಲಿ ಬಂದಿದೆ ಎಂದು ತನ್ನ ಎಂದಿನ ಸಡಗರದಲ್ಲಿ ಕೂಗಿ ಹೇಳಿದಳು. ವರ್ಜೀನಿಯಾ ಬರೆದದ್ದು ಮುಂದಿನ ಮಂಗಳವಾರ. ನಡುವೆ ನಾಲ್ಕು ದಿನ ಬರಹವಿಲ್ಲ. ಬರೆದಾಗ ಏನನ್ನೂ ಮುಚ್ಚಿಡಲಿಲ್ಲ. ಮೊದಲು ಒಬ್ಬ ಎದುರಾಳಿ ಕಡಿಮೆಯಾದಳೆಂಬ ನಿರಾಳ, ಅದರ ಬೆನ್ನಿಗೇ ಬರೆದು ಪ್ರಯೋಜನವೇನು, ಕ್ಯಾಥರೀನ್ ಓದುವುದಿಲ್ಲವಲ್ಲ ಎಂಬ ಶೂನ್ಯ. ತನಗೆ ಹೊಟ್ಟೆಕಿಚ್ಚು ಬಂದದ್ದು ಅವಳೊಬ್ಬಳ ಬರವಣಿಗೆ ಕಂಡು ಎಂಬ ಒಪ್ಪಿಗೆ. ಅದೇ ವರ್ಷ ಆಗಸ್ಟ್‌ನಲ್ಲಿ, ಪಾತ್ರಗಳ ಹಿಂದೆ ಗುಹೆ ಕೊರೆದು ಆ ಗುಹೆಗಳನ್ನು ಒಳಗೊಳಗೇ ಕೂಡಿಸುವ ಉಪಾಯ ಹೊಳೆದದ್ದನ್ನು ಬರೆಯುತ್ತಾಳೆ. ‘ಮಿಸೆಸ್ ಡಾಲೊವೆ’ ಕಾದಂಬರಿ ಮೈತಳೆದದ್ದು ಆ ಉಪಾಯದಿಂದ. ಗುಹೆಯ ಮಾತು ಎಲ್ಲ ವಿಮರ್ಶಕರೂ ಎತ್ತುವಂಥದ್ದು. ಅದೇ ವರ್ಷದ ಆರಂಭದಲ್ಲಿ ಬಿದ್ದ ಗುಂಡಿಯನ್ನೂ ಸೇರಿಸಿ ಓದಿದರೆ ಆ ವರ್ಷ ಪೂರ್ತಿಯಾಗುತ್ತದೆ.

ಜನವರಿ 16ರ ಪುಟದಲ್ಲಿ ಇನ್ನೊಂದು ಸಂಗತಿ ಇದೆ. ಮೂರು ಸಲ ಓದಿಯೂ ನಾನು ಅದನ್ನು ದಾಟಿಹೋಗಿದ್ದೆ. ಕೊನೆಯ ಭೇಟಿಯಲ್ಲಿ ಕ್ಯಾಥರೀನ್ ಮಾತುಕೊಟ್ಟಿದ್ದಳು: ನನ್ನ ಡೈರಿಯನ್ನು ನಿನಗೆ ಓದಲು ಕಳಿಸುತ್ತೇನೆ. ಆ ಡೈರಿ ಬರಲಿಲ್ಲ.

ಹಾಗಾದರೆ ಅದು ಏನಾಯಿತು? ಇಲ್ಲಿ ಹುಡುಕಾಟ ಇನ್ನೊಂದು ಮನೆಯ ಕಪಾಟಿಗೆ ತಿರುಗಿತು. ಕ್ಯಾಥರೀನ್ 1922ರ ಆಗಸ್ಟ್‌ನಲ್ಲಿ ಬರೆದ ಉಯಿಲಿನಲ್ಲಿ, ತನ್ನ ಕಾಗದಪತ್ರಗಳಲ್ಲಿ ಆದಷ್ಟು ಕಡಿಮೆ ಪ್ರಕಟಿಸು, ಆದಷ್ಟು ಹೆಚ್ಚು ಹರಿದು ಸುಟ್ಟುಬಿಡು ಎಂದು ಗಂಡನಿಗೆ ಹೇಳಿದ್ದಳು. ಮರ್ರಿ ಸುಡಲಿಲ್ಲ. ಅಲ್ಲಲ್ಲಿ ಚದುರಿದ್ದ ನೋಟ್‌ಪುಸ್ತಕ, ಬಿಡಿಹಾಳೆಗಳಿಂದ ಆಯ್ದು ಹೊಲಿದು, ‘ಜರ್ನಲ್ ಆಫ್ ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್’ ಎಂದು 1927ರಲ್ಲಿ ಪ್ರಕಟಿಸಿದ. ಅದೇ ಸೆಪ್ಟೆಂಬರ್‌ನಲ್ಲಿ ಅಮೆರಿಕದ ‘ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್’ ಪತ್ರಿಕೆಯಲ್ಲಿ ಅದರ ವಿಮರ್ಶೆ ಬಂತು. ವಿಮರ್ಶಕಿಯ ಹೆಸರು ವರ್ಜೀನಿಯಾ ವುಲ್ಫ್.

ಗೆಳತಿ ಕಳಿಸುತ್ತೇನೆಂದ ಡೈರಿ ಕೊನೆಗೂ ಕೈಸೇರಿತ್ತು. ತಲುಪಿದ್ದು ಏಳು ವರ್ಷ ತಡವಾಗಿ, ಅಚ್ಚಾಗಿ, ಗೆಳತಿಯ ಗಂಡ ಸೋಸಿದ ರೂಪದಲ್ಲಿ, ವಿಮರ್ಶೆಗೆಂದು. ಮರುವರ್ಷ, 1928ರ ಜುಲೈನಲ್ಲಿ, ರಾತ್ರಿಯೆಲ್ಲ ಕ್ಯಾಥರೀನಳ ಕನಸು ಬಿತ್ತೆಂದು ವರ್ಜೀನಿಯಾ ತನ್ನ ಡೈರಿಯಲ್ಲಿ ಬರೆದಿದ್ದಾಳೆ.

ಇಲ್ಲಿಂದ ಮುಂದಿನದು ಒಂದು ಕಾಗದದ ಮೇಲೆ ಎರಡು ಅಂಕಣ ಗೀಚಿದಾಗ ತಾನಾಗಿ ಕಂಡಿತು. ಕ್ಯಾಥರೀನ್ ತನ್ನ ಕಾಗದಗಳನ್ನು ಸುಡು ಎಂದಳು. 1941ರಲ್ಲಿ ವರ್ಜೀನಿಯಾ ಗಂಡನಿಗೆ ಬರೆದಿಟ್ಟ ಕೊನೆಯ ಪತ್ರದ ಹಿಂಬದಿಯಲ್ಲೂ ತನ್ನ ಕಾಗದಗಳನ್ನೆಲ್ಲ ನಾಶಮಾಡೆಂಬ ಕೋರಿಕೆ ಇದೆ. ಇಬ್ಬರು ಗಂಡಂದಿರೂ ಮಾತು ಮೀರಿದರು. ಇಬ್ಬರೂ ಆಯ್ದು ಒಂದೊಂದು ಪುಸ್ತಕ ಮಾಡಿದರು, ಒಬ್ಬ 1927ರಲ್ಲಿ, ಇನ್ನೊಬ್ಬ 1953ರಲ್ಲಿ. ಎರಡರಲ್ಲೂ ಲೇಖಕಿ ಹೆಚ್ಚು ಒಂಟಿಯಾಗಿ, ಹೆಚ್ಚು ಸೂಕ್ಷ್ಮವಾಗಿ, ಬರವಣಿಗೆಯ ದೀಪದಡಿ ಮಾತ್ರ ಕೂತವಳಾಗಿ ಕಾಣುತ್ತಾಳೆ. ಆಮೇಲೆ ಇಬ್ಬರು ಹೆಂಗಸರು ಬಂದು ಎಲ್ಲವನ್ನೂ ಮತ್ತೆ ಬಿಚ್ಚಿದರು. ವರ್ಜೀನಿಯಾಳದನ್ನು ಒಲಿವಿಯರ್ ಬೆಲ್, ಕ್ಯಾಥರೀನಳದನ್ನು ನ್ಯೂಜಿಲೆಂಡಿನ ಮಾರ್ಗರೆಟ್ ಸ್ಕಾಟ್. ಸ್ಕಾಟ್ ಲಿಪಿ ಬಿಡಿಸಿ ಸಿದ್ಧಪಡಿಸಿದ ನೋಟ್‌ಪುಸ್ತಕಗಳ ಎರಡು ಸಂಪುಟ 1997ರಲ್ಲಿ ಬಂದವು. ಅವುಗಳಲ್ಲಿ ಕತೆಯ ತುಣುಕು, ಖರ್ಚಿನ ಲೆಕ್ಕ, ಅಡುಗೆಯ ವಿಧಾನ, ಕಳಿಸದ ಕಾಗದ ಎಲ್ಲ ಒಂದೇ ಹಾಳೆಯಲ್ಲಿ ಬೆರೆತಿವೆ. ಮರ್ರಿ ತೋರಿಸಿದಂಥ ಒಂದು ಅಖಂಡ ‘ಜರ್ನಲ್’ ಆ ರಾಶಿಯಲ್ಲಿ ಇರಲೇ ಇಲ್ಲ.

ಬೆಲ್ ಕೆಲಸ ಮಾಡಿದ ಬಗೆಯೂ ಹೇಳುವಂಥದ್ದೇ. ಗಂಡ ಕ್ವೆಂಟಿನ್ ತನ್ನ ಚಿಕ್ಕಮ್ಮನ ಜೀವನಚರಿತ್ರೆ ಬರೆಯುವಾಗ ಕಾಲಾನುಕ್ರಮದಲ್ಲಿ ಕಾರ್ಡುಗಳನ್ನು ತುಂಬಿಸಿದವಳು ಅವಳು. ಯಾವ ದಿನ ಯಾರು ಬಂದರು, ಎಲ್ಲಿದ್ದರು, ಏನಾಯಿತು. 1972ರಲ್ಲಿ ಆ ಪುಸ್ತಕ ಬಂದ ಮೇಲೆ ಅದೇ ಕಾರ್ಡುಗಳು ಡೈರಿಯ ಅಡಿಟಿಪ್ಪಣಿಗಳಿಗೆ ಅಡಿಪಾಯವಾದವು. ಅವುಗಳಲ್ಲಿ ಹೆಸರಾಂತ ಕವಿಗೂ ಹಾಲಿನವನಿಗೂ ಸಮಾನ ಶ್ರದ್ಧೆ. 2018ರಲ್ಲಿ ನೂರೆರಡನೆಯ ವಯಸ್ಸಿನಲ್ಲಿ ತೀರಿಕೊಂಡ ಈಕೆ ಮಾಡಿಟ್ಟ ಟಿಪ್ಪಣಿ ಇಲ್ಲದಿದ್ದರೆ ನನ್ನಂಥವರಿಗೆ ನೆಲ್ಲಿ ಯಾರೆಂದೂ ತಿಳಿಯುತ್ತಿರಲಿಲ್ಲ.

ಈ ನೆಲ್ಲಿ ಬಾಕ್ಸಲ್ 1916ರಿಂದ 1934ರವರೆಗೆ, ಹದಿನೆಂಟು ವರ್ಷ, ವುಲ್ಫ್ ಮನೆಯ ಅಡುಗೆಯವಳು. ಇಡೀ ಡೈರಿಯಲ್ಲಿ ಅವಳ ಜೊತೆಗಿನ ಜಗಳ ಮುಗಿಯುವುದೇ ಇಲ್ಲ. ಕೆಲಸ ಬಿಡುತ್ತೇನೆ ಅನ್ನುತ್ತಾಳೆ, ಅಳುತ್ತಾಳೆ, ಉಳಿಯುತ್ತಾಳೆ. ಯಜಮಾನಿಯ ಮಾತೂ ಎಷ್ಟೋ ಕಡೆ ಸಣ್ಣತನದ್ದು, ಓದಲು ಮುಜುಗರವಾಗುತ್ತದೆ. ಹೆಂಗಸು ಬರೆಯಬೇಕಾದರೆ ಸ್ವಂತ ಕೋಣೆ ಬೇಕು ಎಂದು 1929ರಲ್ಲಿ ಲೋಕಕ್ಕೆ ಹೇಳಿದವಳ ಕೋಣೆಯ ಆಚೆಬದಿ ಇದು. ಅದು ವರ್ಜೀನಿಯಾಳಿಗೆ ತಿಳಿಯದ್ದೇನಲ್ಲ. ಅದೇ ವರ್ಷ ಡಿಸೆಂಬರ್ 15ರಂದು ಬರೆಯುತ್ತಾಳೆ: ಈ ಡೈರಿ ಬೇರೆ ಯಾರದೋ ಆಗಿ ನನ್ನ ಕೈಗೆ ಬಂದಿದ್ದರೆ ನೆಲ್ಲಿಯ ಚಿತ್ರಕ್ಕೇ ಆಸೆಯಿಂದ ಕೈಹಾಕುತ್ತಿದ್ದೆ, ಕತೆಯೆಲ್ಲವೂ ಅವಳ ಸುತ್ತಲೇ ತಿರುಗುವಂತೆ ಮಾಡುತ್ತಿದ್ದೆ. ಬರಹದ ಮಾತಷ್ಟೇ ಸಾಕೆಂಬ ಆಯ್ಕೆಗೆ ಲೇಖಕಿಯೇ ಮುಂಚಿತವಾಗಿ ಹಾಕಿಟ್ಟ ತಕರಾರು ಇದು ಅಂತ ನನಗನ್ನಿಸುತ್ತದೆ. ಎಪ್ಪತ್ತೆಂಟು ವರ್ಷಗಳ ಮೇಲೆ, 2007ರಲ್ಲಿ, ಅಲಿಸನ್ ಲೈಟ್ ಎಂಬ ಇತಿಹಾಸಕಾರ್ತಿ ಆ ಮನೆಯ ಕೆಲಸದವರ ಚರಿತ್ರೆಯನ್ನೇ ಬರೆದಳು. ವುಲ್ಫ್ ಮನೆ ಬಿಟ್ಟ ಮೇಲೆ ನೆಲ್ಲಿ ನಟ ಚಾರ್ಲ್ಸ್ ಲಾಟನ್ ಮನೆಯಲ್ಲಿ ಅಡುಗೆಗೆ ನಿಂತಳು.

ಡೈರಿಯಲ್ಲಿ ಸಿಗದ್ದೂ ಅಡುಗೆಮನೆಯ ನೆನಪಿನಲ್ಲಿ ಸಿಗುತ್ತದೆ. 1934ರಲ್ಲಿ ರಾಡ್‌ಮೆಲ್ ಹಳ್ಳಿಯಲ್ಲಿದ್ದ ವುಲ್ಫ್ ದಂಪತಿಯ ಮನೆಗೆ ಕೆಲಸಕ್ಕೆ ಬಂದವಳು ಲೂಯಿ ಮೇಯರ್. ಅಡುಗೆಮನೆಯ ಮೇಲೆಯೇ ಬಚ್ಚಲು. ಬೆಳಗ್ಗೆ ಸ್ನಾನದ ಹೊತ್ತಿಗೆ ಮೇಲಿಂದ ಮಾತು ಕೇಳಿಸುತ್ತಿತ್ತು, ಪ್ರಶ್ನೆ, ಉತ್ತರ, ಮತ್ತೆ ಪ್ರಶ್ನೆ. ಎರಡು ಮೂರು ಜನ ಇದ್ದಾರೇನೋ ಅಂದುಕೊಂಡಳು. ಅಮ್ಮಾವ್ರು ರಾತ್ರಿ ಕಟ್ಟಿದ ವಾಕ್ಯಗಳನ್ನು ಗಟ್ಟಿಯಾಗಿ ಹೇಳಿ ಕಿವಿಗೆ ಸರಿಬೀಳುತ್ತವೆಯೇ ನೋಡುತ್ತಾರೆ, ಬಚ್ಚಲಿನಲ್ಲಿ ದನಿ ಚೆನ್ನಾಗಿ ಮೊಳಗುತ್ತದೆ ಎಂದು ವಿವರಿಸಿದವನು ಲಿಯೊನಾರ್ಡ್. ಆ ವಾಕ್ಯಗಳನ್ನು ಮೊದಲು ಕೇಳಿದವಳು, ಕೆಳಗೆ ತಿಂಡಿಯ ಕೆಲಸದಲ್ಲಿದ್ದ ಲೂಯಿ. ಮನೆಯಲ್ಲಿ ಬ್ರೆಡ್ ಮಾಡುವುದನ್ನು ಅವಳಿಗೆ ಕಲಿಸಿದವಳು ವರ್ಜೀನಿಯಾ.

ಹುಡುಕಾಟದಿಂದ ನಾನು ತಲುಪಿದ ತೀರ್ಮಾನ ಇಷ್ಟು. ಲಿಯೊನಾರ್ಡನ ಪುಸ್ತಕ ಒಳ್ಳೆಯ ಪುಸ್ತಕ. ಬರೆಯುವವರು ತಲೆದಿಂಬಿನ ಬಳಿ ಇಟ್ಟುಕೊಳ್ಳಬೇಕಾದದ್ದು. ಆದರೆ ಅದನ್ನು ‘ಲೇಖಕಿಯ ಡೈರಿ’ ಎಂದು ಕರೆಯುವುದು ಅಷ್ಟು ಸರಿಯಲ್ಲ. ಲೇಖಕಿಯ ಡೈರಿ ಎಂದರೆ ಲಿಲಿ, ಅಣಬೆ, ನೆಲ್ಲಿ, ಮೊಳೆ ಹೆಕ್ಕಿದ ಬೆರಳು, ಕ್ಯಾಥರೀನಳ ಮೇಲಿನ ಹೊಟ್ಟೆಕಿಚ್ಚು ಎಲ್ಲ ಸೇರಿದ್ದು. ಅವನ ನಿಜವಾದ ಉಪಕಾರ ಆಯ್ಕೆಯಲ್ಲಿಲ್ಲ. ಹೆಂಡತಿಯ ಮಾತು ಮೀರಿಯಾದರೂ, ಆರಿಸಿದ ಮೇಲೆ ಉಳಿದದ್ದನ್ನು ಅವನು ಸುಡಲಿಲ್ಲ. ಇಂದು ಆ ಮೂವತ್ತು ಕೈಬರಹದ ಪುಸ್ತಕಗಳು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಬರ್ಗ್ ಸಂಗ್ರಹದಲ್ಲಿವೆ. ಕ್ಯಾಥರೀನಳ ನೋಟ್‌ಪುಸ್ತಕಗಳು ವೆಲಿಂಗ್ಟನ್‌ನ ಟರ್ನ್‌ಬುಲ್ ಗ್ರಂಥಾಲಯದಲ್ಲಿವೆ. ಅದರಿಂದಾಗಿ ಲೆಕ್ಕ ತಪ್ಪಿದ ಹದಿನಾರು ದಿನವನ್ನು ಯಾರು ಬೇಕಾದರೂ ಎಣಿಸಿಕೊಳ್ಳಬಹುದು.

ನಮ್ಮಜ್ಜನ ಪಂಚಾಂಗಗಳು ಇಂದು ಇಲ್ಲ. ಮನೆಗೆ ಸುಣ್ಣ ಬಳಿಸಿದ ಒಂದು ವರ್ಷ, ಬೇಕಾದ ಕಾಗದ ಎಂದು ಜಮೀನಿನ ಪತ್ರ ಇಟ್ಟುಕೊಂಡು, ಬೇಡದ್ದೆಂದು ಅವನ್ನು ಬಚ್ಚಲ ಒಲೆಗೆ ಹಾಕಿದವರು ನಾವೇ. ನಿಮ್ಮ ಮನೆಯ ಅಟ್ಟದಲ್ಲಿ ಒಂದು ಹಳೆಯ ನೋಟ್‌ಪುಸ್ತಕವಿದ್ದು, ಅದರ ಒಂದು ಮಗ್ಗುಲಲ್ಲಿ ಪದ್ಯ, ಇನ್ನೊಂದರಲ್ಲಿ ಹಾಲಿನ ಲೆಕ್ಕ ಇದ್ದರೆ, ದಯವಿಟ್ಟು ಹಾಲಿನ ಲೆಕ್ಕದ ಹಾಳೆ ಹರಿಯಬೇಡಿ.